ಕಸ ಹೀರುವ ಯಂತ್ರದ ಕುಲಗೋತ್ರ

ಒಬ್ಬರು ಹೇಳಿದರು, ಇನ್ನೊಬ್ಬರು ಕೇಳಿದರು, ಮತ್ತೊಬ್ಬರು ನಂಬಿದರು ಎಂಬ ಕ್ರಮದಲ್ಲಿಯೇ ಈ ಲೋಕದ ಮುಕ್ಕಾಲು ಪಾಲು ಜ್ಞಾನ ಸಂಗ್ರಹವಾಗಿದೆ ಎಂಬುದು ನನ್ನ ಬಹುಕಾಲದ ಅನುಮಾನ. ನಾನು ಶಾಲೆಯಲ್ಲಿ ಓದಿದ್ದು ಮುಲ್ಕೀ ಪರೀಕ್ಷೆಯವರೆಗೆ, ಅಂದರೆ ಏಳನೆಯ ಇಯತ್ತೆಯವರೆಗೆ ಮಾತ್ರ. ಮುಂದಿನದನ್ನೆಲ್ಲ ವಾಚನಾಲಯಗಳ ಬೆಂಚುಗಳ ಮೇಲೆ ಕುಳಿತು ನಾನೇ ಕಲಿತೆ. ಗುರುವಿಲ್ಲದೆ ಕಲಿತವನಿಗೆ ಒಂದು ಅನುಕೂಲವಿದೆ: ಯಾರ ಮಾತನ್ನೂ ಉಪಕಾರಸ್ಮರಣೆಗಾಗಿ ನಂಬಬೇಕಾದ ಹೊರೆ ಅವನ ಮೇಲಿರುವುದಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಮೊಸರುಂಡರೆ ನೆಗಡಿಯಾಗುತ್ತದೆಂದು ಎಲ್ಲರೂ ಒಂದೇ ಸ್ವರದಲ್ಲಿ ಹೇಳಿದಾಗ ನಾನು ಒಂದು ಮಳೆಗಾಲವಿಡೀ ಹಟ ಹಿಡಿದು ರಾತ್ರಿ ಮೊಸರುಂಡೆ. ನೆಗಡಿಯಾಯಿತು, ನಿಜ. ಆದರೆ ಅದು ಮೊಸರಿನಿಂದಲೇ ಆಯಿತೆಂಬುದಕ್ಕೆ ಪುರಾವೆಯೇನು? ಆ ವರ್ಷ ನಾವಿದ್ದ ಡೊಂಬಿವಲಿಯಲ್ಲಿ ಮೊಸರನ್ನು ಕಣ್ಣಿನಿಂದಲೂ ನೋಡದವರಿಗೂ ನೆಗಡಿಯಾಗಿತ್ತು. ಈ ವಾದವನ್ನು ನಾನು ಸೀನುತ್ತ ಸೀನುತ್ತಲೇ ಮಂಡಿಸಿದ್ದರಿಂದ ಮನೆಯಲ್ಲಿ ಅದಕ್ಕೆ ಸಲ್ಲಬೇಕಾದ ಮನ್ನಣೆ ಸಿಗಲಿಲ್ಲ.

ನನ್ನ ಉದ್ಯೋಗವೂ ಈ ಸ್ವಭಾವಕ್ಕೆ ನೀರೆರೆಯುವಂಥದೇ ಆಗಿತ್ತು. ಠಾಣೆ ಪಟ್ಟಣದ ಒಂದು ಬಣ್ಣದ ಕಾರ್ಖಾನೆಯಲ್ಲಿ ಉಗ್ರಾಣದ ಮುಖ್ಯಸ್ಥನಾಗಿದ್ದೆ. ಹೊರಗಿನಿಂದ ಬಂದ ಯಾವ ಮಾಲನ್ನೂ ಡಬ್ಬಿ ಬಿಚ್ಚಿ, ಕೈಹಾಕಿ, ಮೂಸಿ ನೋಡದೆ ನಾನು ಒಳಗೆ ಬಿಟ್ಟವನಲ್ಲ. ಇಂಥ ಕಣ್ಣು ನಿವೃತ್ತಿಯ ದಿನ ಹಾರದ ಜೊತೆಗೆ ಕಾರ್ಖಾನೆಯಲ್ಲೇ ಬಿಟ್ಟುಬರುವ ವಸ್ತುವಲ್ಲ. ಅದು ನನ್ನೊಂದಿಗೆ ಡೊಂಬಿವಲಿಯ ನಮ್ಮ ಎರಡು ಕೋಣೆಗಳ ಮನೆಗೆ ಬಂತು; ಅಲ್ಲಿ ಪರೀಕ್ಷಿಸಲು ಬೇರೆ ಮಾಲು ಇಲ್ಲದ್ದರಿಂದ ಕಸ ಗುಡಿಸುವ ಹೆಂಗಸಿನ ಮೇಲೆ ಬಿತ್ತು. ಆಕೆ ಗುಡಿಸಿ ಮುಗಿಸಿದ ಮೇಲೆ ಮಂಚದ ಕೆಳಗೆ ಟಾರ್ಚು ಬಿಟ್ಟು ನೋಡುವುದರಲ್ಲಿ ತಪ್ಪೇನಿದೆಯೆಂದು ನನಗೆ ಇಂದಿಗೂ ತಿಳಿದಿಲ್ಲ. ಒಬ್ಬಾಕೆ ಬಿಟ್ಟಳು, ಇನ್ನೊಬ್ಬಾಕೆ ಬಂದಳು, ಆಕೆಯೂ ಬಿಟ್ಟಳು. ಕಡೆಯವಳು ಹೋಗುವಾಗ ನನ್ನ ಹೆಂಡತಿ ಸುಂದರಾಬಾಯಿಗೆ, "ವಹಿನಿ, ಕಾಕಾಂಚಾ ಡೋಳಾ ಆಹೇ ಕೀ ಬ್ಯಾಟರಿ?" ಎಂದು ಕೇಳಿ ಹೋದಳು. ಕಾಕಾನದು ಕಣ್ಣೋ ಟಾರ್ಚೋ ಎಂಬ ಆ ಪ್ರಶ್ನೆಯನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ. ಸುಂದರಾಬಾಯಿ ಹಾಗೆ ತೆಗೆದುಕೊಳ್ಳಲಿಲ್ಲ. ಪೊರಕೆಯನ್ನು ತಂದು ನನ್ನ ಆರಾಮಕುರ್ಚಿಗೆ ಆನಿಸಿಟ್ಟು, "ಅಡಿಗಿ ನಂದು, ಭಾಂಡಿ ನಂದು, ಅರಬಿ ನಂದು. ಓಡಿಸಿದವರು ನೀವು, ಕಸಾ ಹೊಡಿಯೂದು ನಿಮ್ದು. ಇನ್ನ ಮ್ಯಾಲ ಎಷ್ಟ ಬೇಕಾದರೂ ಬ್ಯಾಟ್ರಿ ಹಾಕ್ಕೊಂಡು ನೋಡಕೋರಿ," ಎಂದಳು. ಈ ತೀರ್ಪಿಗೆ ಮೇಲ್ಮನವಿಯ ನ್ಯಾಯಾಲಯವಿರಲಿಲ್ಲ.

ಇದು ಎಂಬತ್ತರ ದಶಕದ ಆರಂಭದ ಮಾತೆಂಬುದನ್ನು ಓದುಗರು ನೆನಪಿಡಬೇಕು. ತಲೆ ನರೆತ ಗಂಡಸು, ಅದರಲ್ಲೂ ಒಂದು ವಿಭಾಗಕ್ಕೆ ಮುಖ್ಯಸ್ಥನಾಗಿದ್ದವನು, ಸೊಂಟ ಬಗ್ಗಿಸಿ ಕಸ ಗುಡಿಸುವನೆಂದರೆ ನಮ್ಮ ಕಟ್ಟಡದಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ನಳದ ನೀರು ನಿಂತದ್ದು ಮಾತ್ರ ಆಗಬಹುದಿತ್ತು. ಎದುರು ಮನೆಯಲ್ಲಿ ಜೋಶಿ ದಂಪತಿಗಳು. ಹಗಲೆಲ್ಲ ಅವರ ಬಾಗಿಲು ತೆರೆದೇ ಇರುತ್ತಿತ್ತು. ಅದನ್ನಾದರೂ ಸಹಿಸಬಹುದು. ಸಹಿಸಲಾಗದ ಅಪಾಯ ಮೇಲಿನ ಮಹಡಿಯಲ್ಲಿತ್ತು. ಉಡುಪಿ ಕಡೆಯ ಸಂಜೀವ ಶೆಟ್ಟರು ಉಗ್ರಾಣದಲ್ಲಿ ನನ್ನ ಕೈಕೆಳಗೆ ಗುಮಾಸ್ತರಾಗಿದ್ದವರು. ಅವರು ಎಣಿಸಿಟ್ಟ ಡಬ್ಬಿಗಳನ್ನು ಮತ್ತೊಮ್ಮೆ ಎಣಿಸಿರೆಂದು ಹೇಳುವುದೇ ನನ್ನ ಮುಖ್ಯ ಕೆಲಸವಾಗಿತ್ತು. ನಾನು ನಿವೃತ್ತನಾದ ಮೇಲೂ ಅವರು ನನ್ನನ್ನು 'ಸಾರ್' ಎಂದೇ ಕರೆಯುತ್ತಿದ್ದರು, ರವಿವಾರ ಬೆಳಿಗ್ಗೆ ಸಲಹೆ ಕೇಳಲು ಇಳಿದು ಬರುತ್ತಿದ್ದರು. ಆ 'ಸಾರ್' ಎಂಬ ಎರಡಕ್ಷರವೇ ನಿವೃತ್ತಿಯ ನಂತರ ನನಗುಳಿದ ಸ್ಥಾನಮಾನ. ಶೆಟ್ಟರು ನನ್ನ ಕೈಯಲ್ಲಿ ಪೊರಕೆ ಕಂಡ ದಿನ ಅದೂ ಹೋಗುತ್ತಿತ್ತು. ಆದ್ದರಿಂದ ನಾನು ಬಾಗಿಲಿಗೆ ಚಿಲಕ ಹಾಕಿ, ಕಿಟಕಿಯ ಪರದೆ ಎಳೆದು, ಕಳ್ಳನು ಹೊನ್ನು ಗುಡಿಸುವಂತೆ ಕಸ ಗುಡಿಸುತ್ತಿದ್ದೆ.

ಒಂದು ರವಿವಾರ ಚಿಲಕ ಮರೆತೆ. ಶೆಟ್ಟರು ಒಳಗೇ ಬಂದುಬಿಟ್ಟರು. ನಾನು ಪೊರಕೆಯನ್ನು ತಲೆಯ ಮೇಲಕ್ಕೆತ್ತಿ, "ಜಿರಳಿ! ಜಿರಳಿ!" ಎಂದು ಕೂಗಿದೆ. "ಎಲ್ಲಿ ಸಾರ್? ಎಂತಹದ್ದು? ಹಾರುವಂತಹದ್ದಾ?" ಎಂದು ಅವರು ಕೂಡಲೇ ಪಂಚೆ ಎತ್ತಿಕಟ್ಟಿ ಬೇಟೆಗಿಳಿದರು. ಇಲ್ಲದ ಜಿರಳೆಯನ್ನು ಅವರು ಹುಡುಕಿದ ನಿಷ್ಠೆಯನ್ನು ಉಗ್ರಾಣದಲ್ಲಿ ತೋರಿಸಿದ್ದರೆ ನಾನು ಅವರಿಗೆ ಬಡ್ತಿಗೆ ಶಿಫಾರಸು ಮಾಡುತ್ತಿದ್ದೆ. ಕಪಾಟು ಸರಿಸಿದರು, ಟ್ರಂಕು ಎತ್ತಿದರು, ಕಡೆಗೆ, "ಜಿರಳೆ ಇಲ್ಲ ಸಾರ್. ಆದರೆ ನಿಮ್ಮ ಮನೆ ಎಷ್ಟು ಚೊಕ್ಕ ಮಾರಾಯ್ರೆ! ಅಕ್ಕ ಎಷ್ಟು ಕಷ್ಟಪಡ್ತಾರೆ ಪಾಪ," ಎಂದರು. ಅಕ್ಕ ಅಡುಗೆಮನೆಯಿಂದ, "ಹೌದ್ರಿ ಶೆಟ್ರ, ಏನ ಮಾಡೂದು," ಎಂದು ನಿಟ್ಟುಸಿರು ಬಿಟ್ಟಳು.

ಅಂದೇ ನಾನು ವ್ಯಾಕ್ಯೂಮ್ ಕ್ಲೀನರ್ ಕೊಳ್ಳುವ ನಿರ್ಧಾರಕ್ಕೆ ಬಂದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಯಂತ್ರ ಬಂದರೆ ಸುಂದರಾಬಾಯಿ ಕುತೂಹಲದಿಂದ ಅದನ್ನು ಹಿಡಿಯುತ್ತಾಳೆ, ಹಿಡಿದಾಕೆ ಬಿಡುವುದಿಲ್ಲ, ನಾನು ಪಾರಾಗುತ್ತೇನೆ. ಆದರೆ ಯಾವ ಯಂತ್ರ? ಕೊಳ್ಳುವುದಾದರೆ ನಂಬಿಕಸ್ಥವಾದದ್ದನ್ನೇ ಕೊಳ್ಳಬೇಕು. ನಮ್ಮ ಗದಗಿನ ಕಡೆ ಹೆಣ್ಣು ಕೊಡುವಾಗ ವರನನ್ನು ನೋಡುವುದು ಕಡೆಯ ಹಂತ. ಮೊದಲು ಅವನ ಮನೆತನವೇನು, ಹಿಂದೆ ಯಾರ ಮನೆಯಲ್ಲಿ ಹೇಗೆ ನಡೆದುಕೊಂಡ ಎಂಬುದನ್ನು ನಾಲ್ಕು ಮನೆಗಳಲ್ಲಿ ಮೆಲ್ಲಗೆ ವಿಚಾರಿಸುತ್ತೇವೆ. ಇದಕ್ಕಿಂತ ಶಾಸ್ತ್ರೀಯವಾದ ವಿಧಾನವನ್ನು ಯಾವ ಪುಸ್ತಕದಲ್ಲಿಯೂ ನಾನು ಓದಿಲ್ಲ. ಹಾಗಾಗಿ ಅಂಗಡಿಗೆ ಹೋಗುವ ಬದಲು, ಈಗಾಗಲೇ ಯಂತ್ರವಿರುವ ಮನೆಗಳನ್ನು ಪತ್ತೆಹಚ್ಚಿ ಹೊರಟೆ.

ಮೊದಲನೆಯದು ಕಲ್ಯಾಣದ ಒಬ್ಬ ಅರಿವೆ ವ್ಯಾಪಾರಿಯ ಮನೆ. ನಮ್ಮ ಕಡೆಯವರೇ. ಯಂತ್ರವನ್ನು ಬೈಠಕ್ಕಿನ ಕೋಣೆಯಲ್ಲಿ ಮೇಜಿನ ಮೇಲೆ ಕೂಡಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರು. "ಹೆಂಗದರಿ ಇದು?" ಎಂದೆ. "ಅಗದೀ ಛಲೋ ಅದರಿ. ಇಂಥಾದ್ದು ಕಲ್ಯಾಣದಾಗ ಮತ್ತೆಲ್ಲೂ ಇಲ್ಲ," ಎಂದರು. "ಹಂಗಂದರ ಈ ಪ್ಲಾಸ್ಟಿಕ್ ಯಾತಕ್ಕರಿ?" "ಧೂಳ ಕೂಡಬಾರದಲ್ರೀ!" ಎಂದು ನನ್ನ ಅಜ್ಞಾನಕ್ಕೆ ಮರುಗಿದರು. ನಾವು ಮಾತಾಡುತ್ತಿರುವಾಗಲೇ ಒಬ್ಬ ಹೆಂಗಸು ಪೊರಕೆ ಹಿಡಿದು ಬಂದು, ಮೇಜಿನ ನಾಲ್ಕೂ ಕಾಲುಗಳ ಸುತ್ತ ಅಚ್ಚುಕಟ್ಟಾಗಿ ಗುಡಿಸಿ ಹೋದಳು. ಎರಡನೆಯದು ವಾಶಿಯಲ್ಲಿ, ಸುಂದರಾಬಾಯಿಯ ತಮ್ಮ ವೀರಭದ್ರನ ಮನೆ. ಆಗ ವಾಶಿಗೆ ರೈಲಿರಲಿಲ್ಲ. ಠಾಣೆಯಲ್ಲಿಳಿದು ಬಸ್ಸು ಹಿಡಿದು, ಕಾರ್ಖಾನೆಗಳ ಹೊಗೆಯನ್ನೂ ರಸ್ತೆಯ ಧೂಳನ್ನೂ ಉಂಡು ಅವನ ಮನೆ ಮುಟ್ಟುವಷ್ಟರಲ್ಲಿ ಯಂತ್ರದ ಪ್ರಯೋಗವನ್ನು ನನ್ನ ಮೇಲೆಯೇ ಮಾಡಬಹುದಿತ್ತು. ವೀರಭದ್ರನೂ, "ಮಾಮಾ, ಕಣ್ಣ ಮುಚ್ಚಿ ತಗೋರಿ. ಇದರಂಥಾ ಭರವಸೆದ ಸಾಮಾನಿಲ್ಲ," ಎಂದ. ಹೇಗೆ ಬಳಸುತ್ತೀ ತೋರಿಸು ಎಂದೆ. ಅವನು ಕೊಳವೆಯನ್ನು ಯಂತ್ರದ ಹಿಂಭಾಗಕ್ಕೆ, ಗಾಳಿ ಹೊರಬರುವ ತೂತಿಗೆ ಸಿಕ್ಕಿಸಿ, ಇದ್ದಿಲಿನ ಶೆಗಡಿ ಒಲೆಯ ಮುಂದೆ ಹಿಡಿದು ಗುಂಡಿ ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಕೆಂಡ ನಿಗಿನಿಗಿಯಾಯಿತು. "ಊದಿ ಊದಿ ನಮ್ಮಾಕಿ ಗಲ್ಲ ನೋಯ್ತಿದ್ದೂ. ಈಗ ಎಷ್ಟ ಆರಾಮ ನೋಡ್ರಿ!" ಎಂದ. ಕಸವನ್ನು ಇದು ಹೀರುತ್ತದೆಯೇ ಎಂದು ಕೇಳಿದೆ. "ಹೀರತಿರಬೇಕ್ರಿ," ಎಂದ.

ಈ ಪ್ರವಾಸದಿಂದ ನಾನು ಒಂದು ಸಿದ್ಧಾಂತಕ್ಕೆ ಬಂದೆ. ದುಬಾರಿ ವಸ್ತುವನ್ನು ಕೊಂಡವನನ್ನು ಸಾಕ್ಷಿಯೆಂದು ಪರಿಗಣಿಸಬಾರದು; ಅವನು ಆರೋಪಿ. ಅವನ ಹೇಳಿಕೆಯೆಲ್ಲ ಹೆಂಡತಿಯೆದುರು ತನ್ನನ್ನು ಬಿಡಿಸಿಕೊಳ್ಳುವ ವಾದ. ಆದ್ದರಿಂದ ಪರೀಕ್ಷೆ ನನ್ನ ಮನೆಯಲ್ಲಿ, ನನ್ನ ಕಣ್ಣೆದುರು, ನನ್ನ ವಿಧಾನದಲ್ಲಿಯೇ ಆಗಬೇಕು. ಆ ಕಾಲಕ್ಕೆ ಟೈ ಕಟ್ಟಿದ ತರುಣರು ಯಂತ್ರವನ್ನು ಹೆಗಲಿಗೇರಿಸಿ ಕಟ್ಟಡದಿಂದ ಕಟ್ಟಡಕ್ಕೆ ಅಲೆದು, ಮನೆಮನೆಯಲ್ಲಿ ನಡೆಸಿ ತೋರಿಸುವ ಪದ್ಧತಿ ಶುರುವಾಗಿತ್ತು. ಅಂಥ ಒಬ್ಬನನ್ನು ಬರಹೇಳಿದೆ.

ಅವನು ಬಂದ, ಬೆವರು ಒರೆಸಿಕೊಂಡ, ನೆಲ ನೋಡಿದ, ಮಂಚದ ಕೆಳಗೆ ಬಗ್ಗಿ ನೋಡಿದ, ಕಪಾಟಿನ ಹಿಂದೆ ಕೈಯಾಡಿಸಿದ. ಎಲ್ಲಿಯೂ ಕಸ ಸಿಗಲಿಲ್ಲ. ಬೆಳಿಗ್ಗೆಯಷ್ಟೇ ನಾನು ಮನಸ್ಸಿಟ್ಟು ಗುಡಿಸಿದ್ದೆ. "ಸಾಬ್, ಆಪಕೀ ಬಾಯಿ ಝಾಡೂ ಬಹುತ್ ಅಚ್ಛಾ ಲಗಾತೀ ಹೈ," ಎಂದು ಅವನು ಬೆರಗಿನಿಂದ ನುಡಿದ. "ಐಸೀ ಬಾಯಿ ಕೋ ಛೋಡನಾ ಮತ್." ಇಷ್ಟು ಚೆನ್ನಾಗಿ ಗುಡಿಸುವ ಕೆಲಸದಾಕೆಯನ್ನು ಬಿಡಬೇಡಿರೆಂದು ವೃತ್ತಿಪರನೊಬ್ಬನ ಬಾಯಿಂದ ಬಂದ ಆ ಪ್ರಶಂಸೆಗೆ ನನ್ನೆದೆ ಉಬ್ಬಿತು, ಆದರೆ ಧನ್ಯವಾದ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ಪರವಾಗಿ ಸುಂದರಾಬಾಯಿ ಒಳಗಿನಿಂದಲೇ ಉತ್ತರಿಸಿದಳು: "ಬಿಡೂದಿಲ್ಲಪಾ, ಸಾಯೂತನಾ ಬಿಡೂದಿಲ್ಲ!" ಅವನಿಗೆ ಕನ್ನಡ ಬಾರದ್ದು ನನ್ನ ಪುಣ್ಯ.

ಮನೆಯಲ್ಲಿ ಕಸವಿಲ್ಲದ್ದರಿಂದ ಅವನು ತನ್ನ ಚೀಲದಿಂದ ಬೂದಿಯ ಪೊಟ್ಟಣವೊಂದನ್ನು ತೆಗೆದ. ನಾನು ತಡೆದೆ. ಮಾಲು ಮಾರುವವನೇ ತಂದ ಮಾದರಿಯಿಂದ ಮಾಲಿನ ಪರೀಕ್ಷೆ ಮಾಡಬಾರದೆಂಬುದು ಉಗ್ರಾಣದ ಮೊದಲ ನಿಯಮ. ಅವನು ಬೂದಿಯನ್ನು ಒಪ್ಪಿಕೊಳ್ಳಿರೆಂದು ಗೋಗರೆಯುತ್ತಿರುವಾಗ ನಾನು ಯಂತ್ರದ ಮುಚ್ಚಳ ಬಿಚ್ಚಿ, ಒಳಗಿದ್ದ ಬಟ್ಟೆಯ ಚೀಲವನ್ನು ಹೊರತೆಗೆದು, ಹೊಲಿಗೆ ಎಳೆದು ನೋಡಿ, ಕುರ್ಚಿಯ ಮೇಲಿಟ್ಟು, ಮುಚ್ಚಳವನ್ನು ಮತ್ತೆ ಭದ್ರವಾಗಿ ಹಾಕಿದೆ. ಆಮೇಲೆ, ಗುಣ ಗೊತ್ತಿರುವ, ನುಣುಪು ಗೊತ್ತಿರುವ, ಬಣ್ಣದಿಂದ ಎದ್ದು ಕಾಣುವ ಪುಡಿಯೊಂದು ಬೇಕೆಂದು ವಿಚಾರ ಮಾಡಿದೆ. ಇಂಥ ಪುಡಿ ಉತ್ತರ ಕರ್ನಾಟಕದ ಮನೆಯಲ್ಲಿ ಒಂದೇ. ಅಡುಗೆಮನೆಗೆ ಹೋಗಿ, ಸುಂದರಾಬಾಯಿ ಹಿಂದಿನ ದಿನವಷ್ಟೇ ಬ್ಯಾಡಗಿ ಮೆಣಸಿನಕಾಯಿ, ಬಳ್ಳೊಳ್ಳಿ ಹಾಕಿ ಕುಟ್ಟಿದ್ದ ಪುಟಾಣಿ ಚಟ್ನಿಪುಡಿಯ ಬರಣಿಯನ್ನು ಎತ್ತಿಕೊಂಡು ಬಂದೆ.

"ರೀ, ಚಟ್ನಿಪುಡಿ ಎಲ್ಲಿಗೆ ಒಯ್ದೀರಿ? ಆ ಹುಡುಗ್ಗ ರೊಟ್ಟಿ ಬ್ಯಾರೆ ಕೊಡಬೇಕೇನು?" ಎಂದು ಆಕೆ ಕೇಳುವಷ್ಟರಲ್ಲಿ ನಾನು ಅದನ್ನು ನೆಲದ ಮೇಲೆ ಅಳತೆಯ ಚೌಕವಾಗಿ ಹರಡಿಯಾಗಿತ್ತು. ತರುಣ ಯಂತ್ರದ ಗುಂಡಿ ಒತ್ತಿದ. ಒತ್ತಿದ ಮರುಕ್ಷಣವೇ ಕುರ್ಚಿಯ ಮೇಲೆ ಮಲಗಿದ್ದ ಚೀಲವನ್ನು ಕಂಡು, "ಸಾಬ್! ಥೈಲೀ!" ಎಂದು ಚೀರಿದ. ಆದರೆ ಯಂತ್ರ ಆಗಲೇ ತನ್ನ ಕರ್ತವ್ಯವನ್ನು ಆರಂಭಿಸಿತ್ತು. ಮುಂದಿನಿಂದ ಹೀರಿದ್ದನ್ನೆಲ್ಲ ಅದು ಒಂದು ಹರಳನ್ನೂ ಉಳಿಸಿಕೊಳ್ಳದೆ ಹಿಂದಿನ ತೂತಿನಿಂದ ಕೋಣೆಗೆ ದಾನ ಮಾಡಿತು. ಕೆಂಪು ಮೋಡವೊಂದು ಎದ್ದು, ಛಾವಣಿಯ ಪಂಖಕ್ಕೆ ತಗಲಿ, ಸಮಾನವಾಗಿ ಎಲ್ಲರ ಮೇಲೂ ಇಳಿಯಿತು. ನಾನು ಸೀನಿದೆ, ತರುಣ ಸೀನಿದ, ಎದುರು ಮನೆಯಲ್ಲಿ ಜೋಶಿ ಸೀನಿದರು, ಅವರ ಹೆಂಡತಿ ಬಾಗಿಲಿಗೆ ಬಂದು, "ಕಾಕಾ, ಫೋಡಣೀ ಜಳಲೀ ಕಾ?" ಎಂದು, ಒಗ್ಗರಣೆ ಸೀದಿತೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೀನಿದರು. ಗೋಡೆಯ ಮೇಲಿನ ದೇವರ ಪಟಗಳೆಲ್ಲ ಕುಂಕುಮಾರ್ಚನೆಯಾದಂತೆ ಕಂಗೊಳಿಸಿದವು. ಆ ತರುಣನ ಕರ್ತವ್ಯನಿಷ್ಠೆಯನ್ನು ಮಾತ್ರ ಮೆಚ್ಚಲೇಬೇಕು. ಕಣ್ಣೀರು ಸುರಿಸುತ್ತ, ಟೈಯಿಂದ ಮೂಗು ಒರೆಸಿಕೊಳ್ಳುತ್ತ, ನೆಲದತ್ತ ಬೆರಳು ತೋರಿ, "ದೇಖಿಯೇ ಸಾಬ್... ಫರ್ಶ್... ಎಕದಮ್ ಸಾಫ್!" ಎಂದ. ನೆಲ ನಿಜಕ್ಕೂ ಸ್ವಚ್ಛವಾಗಿತ್ತು. ಮನೆಯಲ್ಲಿ ಬೇರಾವುದೂ ಆಗಿರಲಿಲ್ಲ.

ಯಂತ್ರವನ್ನು ಅವನು ಒರೆಸಿದ, ಊದಿದ, ಕೊಡವಿದ. ಚಾಲೂ ಮಾಡಿದಾಗಲೆಲ್ಲ ಅದು ಬಳ್ಳೊಳ್ಳಿಯ ಬಿಸಿಯುಸಿರನ್ನು ಬಿಡುತ್ತಿತ್ತು. ಅವನು ಅಲ್ಲಿಂದ ಮುಂದೆ ಹೋಗಬೇಕಾಗಿದ್ದದ್ದು ಬಳ್ಳೊಳ್ಳಿ ಮುಟ್ಟದ ಒಂದು ಕಟ್ಟಾ ಜೈನರ ಮನೆಗೆ. "ಸಾಬ್, ಅಬ್ ಯೆ ಮಶೀನ್ ಲೇಕರ್ ಮೈಂ ಕಿಸಕೇ ಘರ್ ಜಾವೂಂ?" ಎಂದು, ಇನ್ನು ಇದನ್ನು ಯಾರ ಮನೆಗೆ ಒಯ್ಯಲೆಂದು, ಅವನು ಕೇಳಿದ ದನಿಯಲ್ಲಿ ಚಟ್ನಿಪುಡಿಯ ಪಾಲೆಷ್ಟು, ದುಃಖದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟವಾಗಿತ್ತು. ಸುಂದರಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಬಂದು, "ಇಡಿಸ್ಕೋರಿ. ನಮ್ಮ ಚಟ್ನಿ ತಿಂದಾದ ಮ್ಯಾಲ ಅದು ನಮ್ಮದಽ ಆತು," ಎಂದಳು. ಕಲ್ಯಾಣ ಸುತ್ತಿ, ವಾಶಿ ಸುತ್ತಿ, ಕುಲಗೋತ್ರ ಜಾಲಾಡಿಸಿ ನಾನು ನಡೆಸಿದ ಆಯ್ಕೆ ಹೀಗೆ ಮುಗಿಯಿತು. ಊರೆಲ್ಲ ವಿಚಾರಿಸಿ ಕಡೆಗೆ ಅಂಗಳಕ್ಕೆ ಬಂದ ವರನಿಗೇ ಹೆಣ್ಣು ಕೊಟ್ಟಂತಾಯಿತು.

ಯಂತ್ರವೇನೋ ಬಂತು, ಸುಂದರಾಬಾಯಿ ಅದನ್ನು ಮುಟ್ಟಲಿಲ್ಲ. "ಕರೆಂಟಿನ ಸಾಮಾನು, ನನಗ ಅಂಜಿಕಿ ಬರತದ," ಎಂದಳು. ಇಷ್ಟೇ ಆಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ನನ್ನ ಅಸಲು ಸಂಕಟ ಬೇರೆ. ಪೊರಕೆಗಿದ್ದ ದೊಡ್ಡ ಗುಣವನ್ನು ನಾನು ಆವರೆಗೆ ಗಮನಿಸಿರಲೇ ಇಲ್ಲ: ಅದು ಸದ್ದು ಮಾಡುತ್ತಿರಲಿಲ್ಲ. ಈ ಯಂತ್ರವೋ, ಪರದೆ ಎಳೆದು ಚಿಲಕ ಹಾಕಿ ನಡೆಸಿದರೂ, ನೆಲಮಹಡಿಯಿಂದ ಮೇಲ್ಛಾವಣಿಯ ಗಚ್ಚಿಯವರೆಗೆ ನಾನು ಕಸ ಗುಡಿಸುತ್ತಿದ್ದೇನೆಂದು ಸಾರುತ್ತಿತ್ತು. ಕಿವುಡರಿಗೆ ಸುದ್ದಿ ತಪ್ಪಬಾರದೆಂದು ಬಳ್ಳೊಳ್ಳಿಯ ವಾಸನೆಯನ್ನೂ ಕಳಿಸುತ್ತಿತ್ತು. ಸಂಜೆಯ ಹೊತ್ತು ರೇಡಿಯೋ, ಕುಕ್ಕರುಗಳ ಗದ್ದಲದಲ್ಲಿ ಅದರ ಸದ್ದು ಮುಳುಗೀತೆಂದು ನಾನೊಂದು ಉಪಾಯ ಹೂಡಿದೆ. ಸುಂದರಾಬಾಯಿ ಅಡ್ಡಬಂದಳು. "ದೀಪಾ ಹಚ್ಚಿದ ಮ್ಯಾಲೆ ಕಸಾ ಹೊಡಿತಾರೇನ್ರೀ? ಲಕ್ಷ್ಮೀ ಹೊರಗ ಹೋಗತಾಳ." ನಾನು ತರ್ಕಬದ್ಧವಾಗಿ ತಿಳಿಹೇಳಿದೆ: "ಇದರಾಗ ಕಸಾ ಹೊರಗಽ ಹೋಗೂದಿಲ್ಲ, ಚೀಲದಾಗ ಉಳೀತದ. ಲಕ್ಷ್ಮೀನೂ ಚೀಲದಾಗಽ ಇರತಾಳ." "ಲಕ್ಷ್ಮೀನ್ನ ಕಸದ ಚೀಲದಾಗ ಹಾಕತೀರಿ? ಕೆನ್ನಿಗೆ ಬಡಕೋರಿ ಮೊದಲ!" ಎಂದಳು. ಬಡಿದುಕೊಂಡೆ. ದೀಪಾವಳಿಯಲ್ಲಿ ಜೋಶಿಯವರ ಮನೆಯಂತೆ ನಮ್ಮಲ್ಲಿಯೂ ಲಕ್ಷ್ಮೀಪೂಜೆಗೆ ಹೊಸ ಪೊರಕೆ ತಂದು ಅರಿಸಿನ ಕುಂಕುಮ ಏರಿಸಿದಾಗ, ಹಾಗಾದರೆ ಯಂತ್ರಕ್ಕೂ ಏರಿಸು ಎಂದೆ. "ಅದೇನ ಕಸಬರಿಗಿ ಏನ್ರೀ? ಮಶೀನು!" ಎಂದಳು. ಸಂಜೆ ಪೊರಕೆಯಾಗಿ, ಹಬ್ಬಕ್ಕೆ ಯಂತ್ರವಾಗುವ ಈ ವಸ್ತುವಿನ ಶಾಸ್ತ್ರಾರ್ಥವನ್ನು ನಾನು ಯಾವ ವಾಚನಾಲಯದಲ್ಲಿಯೂ ಕಂಡಿಲ್ಲ.

ಹಗಲಿನಲ್ಲಿಯೇ ನಡೆಸಬೇಕಾಯಿತು. ಗೌರವ ಉಳಿಸಿಕೊಳ್ಳಲು ಉಳಿದಿದ್ದ ದಾರಿ ಒಂದೇ: ನಾನು ಮಾಡುತ್ತಿರುವುದು ಕಸ ಗುಡಿಸುವ ಕೆಲಸವೇ ಅಲ್ಲವೆಂದು ಸ್ಥಾಪಿಸುವುದು. ಒಂದು ಬೆಳಿಗ್ಗೆ ಪ್ಯಾಂಟು ಹಾಕಿ, ಶರ್ಟನ್ನು ಒಳಗೆ ಸಿಕ್ಕಿಸಿ, ಬಾಗಿಲನ್ನು ಹಾರುಹೊಡೆದು ತೆರೆದಿಟ್ಟು ಯಂತ್ರ ಹಚ್ಚಿದೆ. ಜೋಶಿಯವರ ಹೆಂಡತಿ ಬಾಗಿಲಲ್ಲಿ ನಿಂತು, "ಕಾಕಾ, ಘರ್ ಝಾಡತಾ ಕಾ?" ಎಂದು, ಮನೆ ಗುಡಿಸುತ್ತೀರಾ ಎಂದು ಕೇಳಿದರು. "ಝಾಡೂದಲ್ಲ ಇದು," ಎಂದು ನಾನು ಗಂಭೀರವಾಗಿ ಅರ್ಧ ಮರಾಠಿಯಲ್ಲಿ ವಿವರಿಸಿದೆ. ಗಾಳಿಯ ಒತ್ತಡವೆಂದರೇನು, ನಿರ್ವಾತವೆಂದರೇನು, ಕೊಳವೆಯನ್ನು ಯಾವ ಕೋನದಲ್ಲಿ ಹಿಡಿಯಬೇಕು, ತಪ್ಪಿದರೆ ಮೋಟರು ಹೇಗೆ ಸುಡುತ್ತದೆ ಎಂಬುದನ್ನೆಲ್ಲ ಹೇಳಿ, ಇದು ಎಲ್ಲರ ಕೈಗೆ ಕೊಡುವ ವಸ್ತುವಲ್ಲ, ಇದನ್ನು ನಡೆಸಲು ಓದು ಬೇಕು ಎಂದು ಮುಗಿಸಿದೆ. ಆಕೆ ಅಷ್ಟನ್ನೂ ನಂಬಿದರು. ಯಾವ ಪ್ರಶ್ನೆಯನ್ನೂ ಕೇಳದೆ ನಂಬುವವರ ಬಗ್ಗೆ ಆ ದಿನ ಮೊದಲ ಸಲ ನನಗೆ ಗೌರವ ಮೂಡಿತು. ಮೂಡಿದ ಗೌರವ ಮರುದಿನ ಬೆಳಿಗ್ಗೆಯವರೆಗೆ ಬಾಳಿತು. ಬೆಳಿಗ್ಗೆ ಆಕೆ ಬಂದು, "ಕಾಕಾ, ತುಮಚ್ಯಾಶಿವಾಯ ಕೋಣಾಲಾ ಜಮಣಾರ? ಆಮಚ್ಯಾ ಘರೀ ಪಣ ಏಕದಾ ಯಾ ನಾ," ಎಂದರು. ನಿಮ್ಮನ್ನು ಬಿಟ್ಟು ಯಾರಿಗೆ ಸಾಧ್ಯ, ನಮ್ಮ ಮನೆಗೂ ಒಮ್ಮೆ ಬನ್ನಿ ಎಂಬ ಈ ವಿನಂತಿಯಲ್ಲಿ ನನ್ನ ಉಪನ್ಯಾಸದ ಪ್ರತಿಯೊಂದು ಅಂಶವೂ ಅಡಗಿತ್ತು. ಒಪ್ಪಿಕೊಳ್ಳದಿದ್ದರೆ ಓದಿಲ್ಲದವನಾಗುತ್ತಿದ್ದೆ, ಇಲ್ಲವೆ ಗುಡಿಸುವವನಾಗುತ್ತಿದ್ದೆ. ಹೋದೆ. ಜೋಶಿಯವರ ಬಳಿಕ ಅವರ ಪಕ್ಕದವರು. ಅವರ ಬಳಿಕ ಕೆಳಗಿನವರು. ಪ್ರತಿಯೊಂದು ಮನೆಯಲ್ಲಿಯೂ ಕುರ್ಚಿ ಕೊಟ್ಟು, ಚಹಾ ಕೊಟ್ಟು, ಆಮೇಲೆ ಕಸ ತೋರಿಸಿದರು.

ಕಡೆಗೆ ಆ ರವಿವಾರವೂ ಬಂತು. ಶೆಟ್ಟರು ಇಳಿದು ಬಂದು, ಕೈಮುಗಿದು, "ಸಾರ್, ನಮ್ಮಲ್ಲಿಗೆ ಮಾತ್ರ ನೀವು ಬರ್ಲೇ ಇಲ್ಲ. ಹೆಂಡ್ತಿ ಬೇಜಾರು ಮಾಡ್ತಾಳೆ," ಎಂದರು. ಯಂತ್ರವನ್ನು ತಾವೇ ಹೊತ್ತು ಮೇಲೆ ಒಯ್ದರು. ನಾನು ಹಿಂದಿನಿಂದ ಕೊಳವೆ ಹಿಡಿದು ಹತ್ತಿದೆ. ಅವರ ಹೆಂಡತಿ ಕೈಚಾಚಿ, "ಕೊಡಿ ಸಾರ್, ನಾನೇ ಗುಡಿಸ್ತೇನೆ. ನಿಮಗ್ಯಾಕೆ ಕಷ್ಟ?" ಎಂದಾಗ ಶೆಟ್ಟರು ಮಂಚದ ಮೇಲೆ ಕುಳಿತು ಪತ್ರಿಕೆ ಬಿಡಿಸುತ್ತ ಗದರಿದರು: "ನೀನು ಮುಟ್ಬೇಡ ಮಾರಾಯ್ತಿ! ಇದು ಗುಡಿಸುದಲ್ಲ. ಇದಕ್ಕೆ ಜ್ಞಾನ ಬೇಕು. ಸಾರ್‌ಗೆ ಅಲ್ಲದೆ ಬೇರೆ ಯಾರಿಗೆ ಬರ್ತದೆ?"

ಹೇಳುವಾಗ ಅವರ ಮುಖ ಪತ್ರಿಕೆಯ ಹಿಂದೆ ಇತ್ತು. ಪತ್ರಿಕೆ ಸ್ವಲ್ಪ ಅಲುಗಾಡುತ್ತಿದ್ದಂತೆಯೂ ನನಗೆ ತೋರಿತು. ಪಂಖದ ಗಾಳಿಯಿರಬಹುದು, ಬೇರೇನಾದರೂ ಇರಬಹುದು. ಎರಡು ಹೆಜ್ಜೆ ಮುಂದೆ ಹೋಗಿ ಇಣುಕಿದ್ದರೆ ಗೊತ್ತಾಗುತ್ತಿತ್ತು. ಆಯುಷ್ಯದಲ್ಲಿ ಯಾರ ಹೇಳಿಕೆಯನ್ನೂ ಬಿಚ್ಚಿ ನೋಡದೆ ಒಳಗೆ ಬಿಡದ ನಾನು ಅದೊಂದನ್ನು ಹಾಗೆಯೇ ಒಳಗೆ ಬಿಟ್ಟುಕೊಂಡೆ. ಯಂತ್ರದ ಗುಂಡಿ ಒತ್ತಿ, ಉಗ್ರಾಣದ ಮುಖ್ಯಸ್ಥನ ಹಳೆಯ ಗತ್ತಿನಲ್ಲಿಯೇ, "ಶೆಟ್ರ, ಕಾಲು ಮ್ಯಾಲ ತಗೋರಿ!" ಎಂದೆ.

ಅವರು ತಕ್ಷಣ ತೆಗೆದುಕೊಂಡರು. ನನ್ನ ಕೈಕೆಳಗಿದ್ದ ಅಷ್ಟೂ ವರ್ಷಗಳಲ್ಲಿ ಅವರು ಯಾವ ಆಜ್ಞೆಯನ್ನೂ ಅಷ್ಟು ಬೇಗ ಪಾಲಿಸಿದ್ದಿಲ್ಲ.